ಮಂಗಲದ ದಿನದ ಚಸ್ಮಾ

ಮಸೂತಿ ಎಂಬ ಊರಿನ ಗುಡಿಯಲ್ಲಿ ಶ್ರಾವಣವಿಡೀ ಸಂಜೆ ಹೊತ್ತು ನಡೆಯುವ ಪುರಾಣವನ್ನು ಈ ವರ್ಷ ಓದುತ್ತಿದ್ದವಳು ಕೋಮಲ. ನಿವೃತ್ತ ಮಾಸ್ತರ ರಾಚಪ್ಪನಿಗೆ ಇದಕ್ಕಿಂತ ದೊಡ್ಡ ಅವಮಾನ ಬದುಕಿನಲ್ಲಿ ಆಗಿರಲಿಲ್ಲ. ಪುರಾಣ ಅಂದರೆ ರಾಚಪ್ಪ, ರಾಚಪ್ಪ ಅಂದರೆ ಪುರಾಣ ಎಂದು ಊರ ತುಂಬ ಹೇಳಿಕೊಂಡು ಬಂದವನು ಅವನು. ಬೇರೆ ಯಾರೂ ಹೇಳಿದ್ದಿಲ್ಲ. ಹೋದ ವರ್ಷ ಅವನ ಗಂಟಲು ಕೆಟ್ಟಾಗ ಗುಡಿಯ ಹಿರಿಯ ಗುರಪ್ಪ ನಾಲ್ಕು ದಿನದ ಮಟ್ಟಿಗೆ ಎಂದು ಆ ಹುಡುಗಿಯನ್ನು ಕೂರಿಸಿದ್ದ. ಜನ ಮೈಯೆಲ್ಲ ಕಿವಿಯಾಗಿ ಕೇಳಿದರು. ಈ ವರ್ಷ ರಾಚಪ್ಪನ ಗಂಟಲು ನೆಟ್ಟಗಿತ್ತು, ಆದರೆ ಅದನ್ನು ಯಾರೂ ವಿಚಾರಿಸಲಿಲ್ಲ.

ಕೂತವಳಾದರೂ ಯಾರು? ಶಾಲೆಯಲ್ಲಿ ಅವನ ಮುಂದೆ ಒಂದು ಸಾಲು ಓದಲಾರದೆ ಕಣ್ಣುಜ್ಜಿಕೊಂಡು ನಿಲ್ಲುತ್ತಿದ್ದ ದಡ್ಡಿ. ಅಕ್ಷರಗಳು ಅಲುಗಾಡುತ್ತವೆ, ಬಿಳಿ ಹಾಳೆ ಕಣ್ಣಿಗೆ ಚುಚ್ಚುತ್ತದೆ ಎಂದು ಅಳುತ್ತಿದ್ದಳು. ಓದದ ಮಕ್ಕಳು ಹೇಳುವ ನೆಪಗಳಲ್ಲಿ ಇಷ್ಟು ಚೆಂದದ್ದನ್ನು ರಾಚಪ್ಪ ಕೇಳಿರಲಿಲ್ಲ. ನೆಪ ಬಿಡಿಸಲೆಂದು ಅವಳನ್ನು ಬಯಲಿನ ಬಿಸಿಲಿಗೆ ನಿಲ್ಲಿಸುತ್ತಿದ್ದ, ಅವಳು ತಲೆ ಹಿಡಿದುಕೊಂಡು ವಾಂತಿ ಮಾಡಿಕೊಳ್ಳುತ್ತಿದ್ದಳು. ಮುಂದೆ ವಿಜಯಪುರದ ಕಣ್ಣಿನ ಡಾಕ್ಟರೊಬ್ಬರು ಅವಳನ್ನು ನೋಡಿ, ಕಣ್ಣಿಗೆ ನಂಬರು ಬೇಡ, ಈ ಕಣ್ಣು ಬೆಳಕು ತಾಳುವುದಿಲ್ಲ ಅಷ್ಟೇ ಎಂದರಂತೆ. ಒಂದೊಂದೇ ಬಣ್ಣದ ಗಾಜು ಹಿಡಿದು ಓದಿಸಿ ಕೊನೆಗೆ ಒಂದನ್ನು ಆರಿಸಿಕೊಟ್ಟರಂತೆ. ಇದು ಎಲ್ಲರಿಗೂ ಒಗ್ಗುವುದಿಲ್ಲ, ನಿನಗೆ ಒಗ್ಗಿದರೆ ನಿನ್ನ ಪುಣ್ಯ ಎಂದೂ ಹೇಳಿದರಂತೆ. ಅವಳಿಗೆ ಒಗ್ಗಿತು. ರಾಚಪ್ಪ ದಿನವೂ ಕಾಣುತ್ತಿದ್ದದ್ದು ಕಪ್ಪು ಕಟ್ಟಿನಲ್ಲಿ ಮಾಸಲು ಬೂದು ಗಾಜು. ಅದನ್ನು ಏರಿಸಿಕೊಂಡರೆ ಸಾಲುಗಳು ಅಲುಗಾಡದೆ ನಿಲ್ಲುತ್ತಿದ್ದವು. ಗುಡಿಯೊಳಗೆ ಸಿನಿಮಾದವರ ಹಾಗೆ ಚಸ್ಮಾ ಹಾಕುವ ವೇಷವೇನು ಎಂದು ರಾಚಪ್ಪ ಚಹಾದಂಗಡಿಯಲ್ಲಿ ಮೂಗು ಮುರಿಯುತ್ತಿದ್ದ.

ಹೊರಗೆ ವೇಷ ಎಂದು ಜರಿದ ಚಸ್ಮಾದ ಗುಣವನ್ನೇ ಒಳಗೆ ಗಟ್ಟಿಯಾಗಿ ನಂಬಿ ಅವನು ಉಪಾಯ ಹೂಡಿದ. ತಿಂಗಳ ಪುರಾಣ ಮುಗಿಯುವ ಮಂಗಲದ ದಿನಕ್ಕೆ ಮನಗೂಳಿಯಿಂದಲೂ ಜನ ಬರುತ್ತಾರೆ. ಅಂದು ಎಲ್ಲರೆದುರು ಅವಳ ನಾಲಿಗೆ ತೊಡರಬೇಕು, ತಲೆ ಹಿಡಿದುಕೊಂಡು ಪೀಠದಿಂದ ಏಳಬೇಕು. ಆಗ ಗುರಪ್ಪ ಸುತ್ತ ನೋಡುತ್ತಾನೆ, ಮುಂದಿನ ಸಾಲಿನಲ್ಲಿ ಮಡಿಯುಟ್ಟು ಕೂತ ರಾಚಪ್ಪ ಕಾಣುತ್ತಾನೆ.

ಚಸ್ಮಾ ಕದ್ದರೆ ಹುಡುಕುತ್ತಾರೆ. ಒಡೆದರೆ ಯಾರು ಒಡೆದರೆಂದು ಕೇಳುತ್ತಾರೆ. ಅದರ ಜಾಗದಲ್ಲಿ ಅಂಥದ್ದೇ ಇನ್ನೊಂದನ್ನು ಇಟ್ಟರೆ ಯಾರು ಏನು ಕೇಳುತ್ತಾರೆ? ನೋಡಲು ಅದೇ, ಡಾಕ್ಟರ ಗಾಜಿನ ಗುಣ ಮಾತ್ರ ಇರಬಾರದು; ಅಂಗಡಿಯ ಬರೀ ಬಣ್ಣದ ಗಾಜಿಗೆ ಆ ಗುಣ ಎಲ್ಲಿಂದ ಬರಬೇಕು? ಓದು ಕೆಟ್ಟ ಮೇಲೆ ಪ್ರಸಾದದ ಗದ್ದಲದಲ್ಲಿ ಅವಳದನ್ನು ಅವಳ ಡಬ್ಬಿಗೆ ಮರಳಿಸಿ ತನ್ನದನ್ನು ಎತ್ತಿಕೊಂಡರೆ ಮುಗಿಯಿತು. ಆಮೇಲೆ ಯಾವ ಪೊಲೀಸನೂ ಏನನ್ನೂ ಹುಡುಕಲಾರ. ಇಷ್ಟು ಅಚ್ಚುಕಟ್ಟಾದ ತಲೆ ಈ ಊರಿನಲ್ಲಿ ಇನ್ನಾರಿಗಿದೆ ಎಂದು ರಾಚಪ್ಪ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಮೊದಲು ಬೆಳಕಿನ ವ್ಯವಸ್ಥೆಯಾಯಿತು. ಪೀಠದ ಮೇಲಿದ್ದ ಹಳದಿ ಬಲ್ಬು ತೆಗೆದು ಕಣ್ಣು ಕುಕ್ಕುವ ಬಿಳಿ ಫೋಕಸ್ ಲೈಟು ಹಾಕಿಸಿದ, ತನ್ನ ಸೇವೆ ಎಂದ. ಗುರಪ್ಪ ಮೈಕಿನಲ್ಲಿ ಅವನ ಭಕ್ತಿಯನ್ನು ಹೊಗಳಿದ. ಗುರಪ್ಪನ ಬುದ್ಧಿಯೇ ಅಷ್ಟು, ಹೊಗಳಲಿ ಎಂದು ರಾಚಪ್ಪ ಕೈಮುಗಿದ. ಹೊಸ ಬೆಳಕಿನಲ್ಲೂ ಕೋಮಲ ಚಸ್ಮಾ ಹಾಕಿ ಸಲೀಸಾಗಿ ಓದಿದ್ದನ್ನು ಎದುರಿಗೇ ಕೂತು ನೋಡಿದ. ಚಸ್ಮಾ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಅವನಿಗೆ ಶಾಲೆಯ ಬಯಲಿನಿಂದಲೇ ಗೊತ್ತಿತ್ತು.

ಚಸ್ಮಾ ಕೊಳ್ಳಲು ಬಾಗೇವಾಡಿಗೆ ಹೋಗಲಿಲ್ಲ, ಅಲ್ಲಿ ಕಂಡಕಂಡವರೆಲ್ಲ ಹಳೆಯ ಶಿಷ್ಯರು. ಸಿಂದಗಿಯಲ್ಲಿ ಬೀಗರಿದ್ದರು. ಹೀಗಾಗಿ ದೂರದ ಇಂಡಿಗೆ ಹೋದ. ಅಲ್ಲಿ ಶಾನವಾಜ ಎಂಬವನ ಅಂಗಡಿಯಲ್ಲಿ ಕಪ್ಪು ಕಟ್ಟು ಬೇಗ ಸಿಕ್ಕಿತು, ಬಣ್ಣದ ಗಾಜಿನ ದೊಡ್ಡ ಟ್ರೇಯನ್ನು ಅವನು ಮುಂದೆ ಸರಿಸಿದ.

"ಯಾರಿಗ್ರಿ ಅಜ್ಜಾರ? ಹೆಣ್ಮಕ್ಕಳಿಗಾದ್ರ ಈ ಬಣ್ಣ..." ಎಂದು ಅವನು ಬಾಯಿ ತೆರೆದ.

"ನನಗೂ ಕಣ್ಣ ಅದಾವಪಾ. ನಾನ ಆರಿಸ್ತೇನಿ," ಎಂದು ರಾಚಪ್ಪ ಅವನ ಬಾಯಿ ಮುಚ್ಚಿಸಿದ. ಬಣ್ಣದ ಮಾತು ಬೆಳೆದರೆ ಅಂಗಡಿಯವನಿಗೆ ಗಿರಾಕಿ ನೆನಪಿನಲ್ಲಿ ಉಳಿಯುತ್ತಾನೆ. ಪುರಾಣದ ಉದ್ದಕ್ಕೂ ದಿನವೂ ನೋಡಿ ನೋಡಿ ಆ ಗಾಜು ಅವನ ಕಣ್ಣಲ್ಲೇ ಕೂತಿತ್ತು. ಅದೇ ಮಾಸಲು ಬೂದು, ಅದೇ ತೆಳುವು. ಬೆಳಕಿಗೆ ಹಿಡಿದು ನೋಡಿ ಒಂದನ್ನು ತೆಗೆದಿಟ್ಟ. ಶಾನವಾಜ ಅದನ್ನು ಕಟ್ಟಿಗೆ ಕೂರಿಸಿ ಕೊಟ್ಟ.

ಮಂಗಲದ ಸಂಜೆ ಎಲ್ಲವೂ ಅವನು ಎಣಿಸಿದಂತೆಯೇ ನಡೆಯಿತು. ಓದುವವರು ಕಾಲು ತೊಳೆದು ವಿಭೂತಿ ಹಚ್ಚಿಕೊಂಡು ಬರುವವರೆಗೆ ಪುಸ್ತಕಕ್ಕೆ ಹೂವೇರಿಸಿ ಇಡುವುದು ಪದ್ಧತಿ. ಹಳೆಯ ಓದುಗನೆಂದು ಆ ಹೂವಿನ ಸೇವೆಯನ್ನಾದರೂ ರಾಚಪ್ಪನಿಗೆ ಬಿಟ್ಟಿದ್ದರು. ಪುಸ್ತಕದ ಮಗ್ಗುಲಲ್ಲಿ ಅವಳ ಚಸ್ಮಾದ ಡಬ್ಬಿ ಇತ್ತು. ಅವನ ಬೆನ್ನು ಜನರ ಕಡೆಗಿತ್ತು, ಕೈಯಲ್ಲಿ ಸೇವಂತಿಗೆ ಇತ್ತು. ಡಬ್ಬಿ ಮುಚ್ಚಿ ಈಚೆ ಬಂದಾಗ ಕೋಮಲಳ ಚಸ್ಮಾ ಅವನ ಅಂಗಿಯ ಒಳಜೇಬಿನಲ್ಲಿತ್ತು. ಮುಂದಿನ ಸಾಲಿನಲ್ಲಿ ಕೂತು, ಇನ್ನೇನು ಬೇಕಾಗುವ ಮರುಕವನ್ನು ಮುಖಕ್ಕೆ ಈಗಲೇ ತಂದುಕೊಂಡ. ಹುಡುಗಿ ಬಂದು ಪುಸ್ತಕಕ್ಕೆ ಹಣೆ ಹಚ್ಚಿ ಕೂತಳು. ಪಾಪದವಳು, ಅನುಭವಿಸಲಿ ಎಂದು ಅವನಿಗೆ ಖುಷಿಯೋ ಖುಷಿ.

ಕೋಮಲ ಡಬ್ಬಿ ತೆರೆದಳು. ಚಸ್ಮಾವನ್ನು ಮೂಗಿನವರೆಗೂ ಒಯ್ಯಲಿಲ್ಲ. ಅದನ್ನು ಒಂದು ಗಳಿಗೆ ನೋಡಿ, ಅತ್ತಿತ್ತ ಯಾರನ್ನೂ ಹುಡುಕದೆ, ನೇರವಾಗಿ ರಾಚಪ್ಪನ ಕಡೆ ತಿರುಗಿ ಕೈ ಚಾಚಿದಳು. ಮೈಕು ಎದುರಿಗೇ ಇತ್ತು. "ಮಾಸ್ತರ, ನನ್ನ ಚಸ್ಮಾ ಕೊಡ್ರಿ. ನಂದು ಗುಲಾಬಿ ಗಾಜಿಂದು, ಇದು ಹಸರ ಐತಿ. ಇವೆರಡೂ ಒಂದ ಕಾಣೂದು ಈ ಊರಾಗ ನಿಮಗೊಬ್ಬರಿಗೇರಿ." ರಾಚಪ್ಪ ಅವಳ ಕೈಯಲ್ಲಿದ್ದ ಗಾಜನ್ನು ದಿಟ್ಟಿಸಿದ, ಬೂದು, ಬರೀ ಬೂದು. ಎಂಥ ಹುಚ್ಚು ಮಾತು ಎಂದು ಜನರ ಕಡೆ ತಿರುಗಿದರೆ ಯಾರೂ ಬೆರಗಾಗಿರಲಿಲ್ಲ, ಗುರಪ್ಪ ಮಾತ್ರ ನಾಚಿಕೆಯಿಂದ ನೆಲ ನೋಡುತ್ತಿದ್ದ. ಕೆಂಪು ಎಲೆಯ ಮರ ಬರೆದು ಅವನಿಂದ ಶಹಬ್ಬಾಸ್ ಅನ್ನಿಸಿಕೊಂಡ ಮಕ್ಕಳು ಈಗ ತಂದೆತಾಯಿಗಳಾಗಿ ಅಲ್ಲಿ ಕೂತಿದ್ದರು. ಅವನು ಆರಿಸಿದ ಕಾಯಿ ಟೊಮೆಟೊ ತೆಗೆದು ಸದ್ದಿಲ್ಲದೆ ಹಣ್ಣು ಹಾಕಿಕೊಡುತ್ತಿದ್ದ ಸಂತೆಯ ಹೆಂಗಸರೂ ಕೂತಿದ್ದರು. ಅವನ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಮಾಸ್ತರ ನೊಂದುಕೊಂಡಾರು ಎಂದು ಇಷ್ಟು ವರ್ಷ ಯಾರೂ ಅವನಿಗೆ ಹೇಳಿರಲಿಲ್ಲ.