ಮಸಿಬಟ್ಟೆಯ ಮೇಲಿನ ಮೂರು ಗೆರೆ

ಬಹಳ ಕಾಲದ ಹಿಂದೆ, ಏಳು ಹೊಳೆಗಳ ಆಚೆ, ತೊರೆನಾಡೆಂಬ ರಾಜ್ಯವಿತ್ತು. ಆ ರಾಜ್ಯದ ಯಾವುದೋ ಗುಹೆಯಲ್ಲಿ ಘೂಕಕೇತನೆಂಬ ಮಾಂತ್ರಿಕ ಅಡಗಿದ್ದ. ಅವನು ಮನುಷ್ಯರನ್ನು ಹಿಡಿದು ಗೂಳಿ ಮಾಡುತ್ತಿದ್ದ. ಗೂಳಿ ಬಂಡೆಗೆ ಗುಮ್ಮಿದರೆ ಭೂಮಿ ನಡುಗುತ್ತಿತ್ತು. ಮೂರು ಸಲ ಗುಮ್ಮಿದ ಗೂಳಿ ಕಲ್ಲಾಗುತ್ತಿತ್ತು. ಆಗ ಅವನು ಇನ್ನೊಬ್ಬನನ್ನು ಹಿಡಿಯುತ್ತಿದ್ದ. ಅವನ ಗುಹೆಯ ಬಾಗಿಲಲ್ಲಿ ನಿಂತು ಅವನ ಹೆಸರು ಕೂಗಿದರೆ ಸಾಕು, ಅವನು ಬೂದಿ. ಆದರೆ ಗುಹೆ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಈ ಸಲ ಅವನು ಹಿಡಿದದ್ದು ನೇಕಾರ ಚೌಡನನ್ನು. ಚೌಡನಿಗೆ ಇದ್ದವಳು ಅಕ್ಕ ಬನಮ್ಮ ಒಬ್ಬಳೇ.

ಬನಮ್ಮ ಮಗ್ಗದ ಮೇಲೆ ಗುಂಡುಕಲ್ಲು ತೂಗುಹಾಕಿದಳು. ಕಲ್ಲಿಗೆ ಮುಳ್ಳುಹಂದಿಯ ಮುಳ್ಳು ಕಟ್ಟಿದಳು. ಅದರ ಕೆಳಗೆ ದೀಪದ ಮಸಿ ಹಿಡಿಸಿದ ಬಟ್ಟೆಯನ್ನು ಮೆಲ್ಲಗೆ ಸುತ್ತುತ್ತ ಕುಳಿತಳು. ನೆಲ ನಡುಗಿದರೂ ತೂಗುವ ಕಲ್ಲು ಇದ್ದಲ್ಲೇ ಇರುತ್ತದೆ. ಬಟ್ಟೆ ಅಲುಗುತ್ತದೆ, ಮುಳ್ಳು ಗೆರೆ ಎಳೆಯುತ್ತದೆ.

ಮೊದಲ ಸಲ ಭೂಮಿ ನಡುಗಿತು. ಬಟ್ಟೆಯ ಮೇಲೆ ಮೊದಲು ಸಣ್ಣ ನಡುಕ ಮೂಡಿತು, ಆಮೇಲೆ ದೊಡ್ಡ ಅಲೆ. ನಡುವಿನ ಬಿಡುವು ಎಷ್ಟು ಉದ್ದವೋ ಗೂಳಿ ಅಷ್ಟು ದೂರ. ಆ ದೂರವನ್ನೂ ಅಲೆಯ ಎತ್ತರವನ್ನೂ ಸೇರಿಸಿ ನೋಡಿದರೆ ಹೊಡೆತದ ಬಲ ತಿಳಿಯುತ್ತದೆ.

"ನನ್ನ ತಮ್ಮ ಇನ್ನೂ ಗಟ್ಟಿಯಾಗಿದ್ದಾನೆ" ಎಂದಳು ಬನಮ್ಮ.

ಆದರೆ ದಿಕ್ಕು ಯಾವುದೆಂದು ಗೆರೆ ಹೇಳಲಿಲ್ಲ. ಅವಳು ನಾಡಿನ ನಕ್ಷೆ ಬರೆದು, ದೂರಕ್ಕೆ ತಕ್ಕ ದಾರ ಹಿಡಿದು, ನಕ್ಷೆಯಲ್ಲಿ ತನ್ನ ಮನೆಯ ಸುತ್ತ ಒಂದು ಸುತ್ತು ಎಳೆದಳು. ಗೂಳಿ ಆ ಸುತ್ತಿನ ಮೇಲೆ ಎಲ್ಲೋ ಇರಬೇಕು. ಆಮೇಲೆ ಹೊಳೆ ದಾಟಿ ಅಲ್ಲಿ ಕಲ್ಲು ತೂಗುಹಾಕಿದಳು. ಎರಡನೆಯ ಸಲ ಭೂಮಿ ನಡುಗಿತು. ಅಲ್ಲಿಂದ ಎಳೆದ ಎರಡನೆಯ ಸುತ್ತು ಮೊದಲನೆಯದನ್ನು ಎರಡು ಕಡೆ ಕೂಡಿತು: ಮೂಡಲ ಬೆಟ್ಟದಲ್ಲಿ, ಪಡುವಣ ಬೆಟ್ಟದಲ್ಲಿ. ಬಲ ಅರ್ಧಕ್ಕೆ ಇಳಿದಿತ್ತು.

ಅವಳು ಅರಮನೆಗೆ ಓಡಿದಳು. "ದೊರೆಯೇ, ಮೂಡಲ ಬೆಟ್ಟಕ್ಕೆ ನಾನು ಹೋಗುತ್ತೇನೆ. ಪಡುವಣಕ್ಕೆ ಒಬ್ಬ ಆಳನ್ನು ಕಳಿಸಿ. ಹೆಸರು ಕೂಗಿದರೆ ಸಾಕು."

ಮಂತ್ರಿ ನಕ್ಕ. "ಮಗ್ಗ ಬಿಟ್ಟು ಭೂಮಿಯ ನಾಡಿ ಹಿಡಿಯಲು ಹೊರಟೆಯಾ, ತಾಯಿ? ಹೆಚ್ಚು ಮನೆ ಬಿದ್ದ ಕಡೆ ಗುಹೆ ಹುಡುಕಿ ಅಗೆಯುವುದು ಈ ರಾಜ್ಯದ ಪದ್ಧತಿ. ಕೆರೆಯಂಗಳದ ಪೇಟೆ ಪೂರ್ತಿ ನೆಲಸಮವಾಗಿದೆ."

"ಅದು ಹೂಳಿನ ಮೇಲೆ ಕಟ್ಟಿದ ಪೇಟೆ, ಸ್ವಾಮಿ. ದೂರದ ಹೊಡೆತಕ್ಕೂ ಬೀಳುತ್ತದೆ."

"ಆಳುಗಳೆಲ್ಲ ಅಲ್ಲೇ ಅಗೆಯುತ್ತಿದ್ದಾರೆ. ಒಬ್ಬನನ್ನೂ ಬಿಡಲಾರೆ" ಎಂದ ದೊರೆ.

ಬನಮ್ಮ ಕಲ್ಲು ಹೊತ್ತು ಮೂಡಲ ಬೆಟ್ಟ ಹತ್ತಿದಳು. ಗುಹೆ ಗುಹೆಯ ಮುಂದೆ ನಿಂತು ಕೂಗಿದಳು. ಬಾವಲಿಗಳು ಹಾರಿದವು, ಅಷ್ಟೆ. ಅವಳು ಕಲ್ಲು ತೂಗುಹಾಕಿದಳು. ಮೂರನೆಯ ಸಲ ಭೂಮಿ ನಡುಗಿತು. ಗೂಳಿ ಕಾಲಡಿಯಲ್ಲೇ ಇದ್ದಿದ್ದರೆ ಬಿಡುವೇ ಇರುತ್ತಿರಲಿಲ್ಲ. ಬಿಡುವು ಉದ್ದವಾಗಿತ್ತು. ಅಲೆ ಕೂದಲೆಳೆಯಷ್ಟಿತ್ತು.

ಕೆಳಗಿನ ಊರುಗಳಲ್ಲಿ ಒಂದು ಮಡಕೆಯೂ ಉರುಳಲಿಲ್ಲ. "ಭೂಮಿತಾಯಿ ತಣ್ಣಗಾದಳು" ಎಂದು ಜನ ಹಿಗ್ಗಿದರು. ಬನಮ್ಮ ಆ ಗೆರೆಯ ಮೇಲೆ ಬೆರಳಿಟ್ಟು ಅತ್ತಳು. ಅತ್ತು, ಎದ್ದು, ಪಡುವಣ ಬೆಟ್ಟಕ್ಕೆ ನಡೆದಳು.

ಗುಹೆಯ ಬಾಗಿಲಲ್ಲಿ ಮಾಂತ್ರಿಕ ಹೊಸ ಹಗ್ಗ ಹೊಸೆಯುತ್ತಿದ್ದ. "ತಡವಾಗಿ ಬಂದೆಯಲ್ಲೇ!" ಎಂದು ಅಣಕಿಸಿದ.

"ನನ್ನ ತಮ್ಮನಿಗೆ ತಡವಾಯಿತು. ಮುಂದಿನವನಿಗಲ್ಲ. ಘೂಕಕೇತಾ!"

ಅವನು ಬೂದಿಯಾಗಿ ಉದುರಿದ.

ತೊರೆನಾಡು ಮತ್ತೆ ನಡುಗಲಿಲ್ಲ. ಜನ ಮನೆ ಕಟ್ಟಿಕೊಂಡರು, ಮದುವೆಗಳನ್ನು ಮಾಡಿದರು, ಸುಖವಾಗಿ ಬಾಳಿದರು. ಮಾಂತ್ರಿಕ ಬೂದಿಯಾದ ಸುದ್ದಿ ಕೇಳಿದ ದಿನವೇ ದೊರೆ ತಾನೇ ಬೆಟ್ಟ ಹತ್ತಿ ಬಂದು, "ಏನು ಬೇಕೋ ಕೇಳು, ತಾಯಿ" ಎಂದ.

ಬನಮ್ಮ ಕಲ್ಲುಗೂಳಿಯ ಕೊರಳಿನ ಹಗ್ಗ ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಆವತ್ತೇ ಕೇಳಿದ್ದೆ, ದೊರೆಯೇ" ಎಂದಳು.