ಹುಣ್ಣಿಮೆ ಗೊತ್ತಿಲ್ಲದ ಸ್ಟಿಕ್ಕರ್

ಹನ್ನೆರಡು ವರ್ಷದ ಮೇಲೆ ಧರ್ಮೇಶ್ ಹಳೇಬೀಡಿನ ಹಿಟ್ಟಿನ ಗಿರಣಿಯ ಬಾಗಿಲಿಗೆ ಬಂದು ನಿಂತಾಗ ದರ್ಶಿನಿಯ ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲವೂ ಗೋಧಿ ಹಿಟ್ಟಿನಿಂದ ಬೆಳ್ಳಗಾಗಿದ್ದವು. ಅವನು ಬರುವ ಹೊತ್ತಿಗೆ ಮುಖ ತೊಳೆದು, ತಲೆ ಬಾಚಿ, ಏನೂ ಆಗದವಳಂತೆ ಕೂತಿರಬೇಕು ಎಂದು ಬೆಳಿಗ್ಗೆಯಿಂದ ಲೆಕ್ಕ ಹಾಕಿದ್ದಳು. ಅವನು ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆಯೇ ಬಂದುಬಿಟ್ಟ.

“ನೀವು... ನೀನೇನಾ?” ಎಂದ.

“ಅರ್ಧ ನಾನು, ಅರ್ಧ ಗೋಧಿ,” ಎಂದಳು ದರ್ಶಿನಿ.

ಅವನು ನಕ್ಕ. ನಗುವಾಗ ಎಡಗಣ್ಣು ತುಸು ಹೆಚ್ಚು ಕಿರಿದಾಗುವುದು ಹಾಗೇ ಉಳಿದಿತ್ತು. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು ಬಂದಿದ್ದವು. ಅವನ್ನು ಎಣಿಸಿದ್ದು ತಪ್ಪು ಎನ್ನುವಂತೆ ಅವಳು ಮೋಟಾರಿನ ಸ್ವಿಚ್ ಕಡೆ ತಿರುಗಿದಳು.

ಅವನ ನಂಬರ್ ಸಿಕ್ಕಿದ್ದು ಬೇಲೂರಿನ ನಂಜಪ್ಪನ ಹೋಟೆಲಿನಲ್ಲಿ. ಅಲ್ಲಿ ಟೇಬಲ್ಲಿಗೊಂದು ಪುಟ್ಟ ಎನ್‌ಎಫ್‌ಸಿ ಸ್ಟಿಕ್ಕರ್ ಅಂಟಿಸಿದ್ದರು; ಫೋನ್ ತಾಗಿಸಿದರೆ ತಿಂಡಿಗಳ ಪಟ್ಟಿ ಪರದೆಯ ಮೇಲೆ ಬರುತ್ತಿತ್ತು. ಯಾರು ಹಾಕಿಕೊಟ್ಟರು ಎಂದು ಕೇಳಿದ್ದಕ್ಕೆ ನಂಜಪ್ಪ, ಅರಸೀಕೆರೆಯ ಧರ್ಮೇಶ್, ಮೊದಲು ವಾಚ್ ರಿಪೇರಿ ಮಾಡುತ್ತಿದ್ದ, ಎಂದ. ದರ್ಶಿನಿ ಆ ನಂಬರನ್ನು ಮೂರು ದಿನ ಸುಮ್ಮನೆ ಹೊತ್ತುಕೊಂಡು ಓಡಾಡಿದಳು. ವ್ಯಾಪಾರದ ವಿಷಯ, ಇದರಲ್ಲೇನಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ನಾಲ್ಕನೆಯ ದಿನ ಕರೆ ಮಾಡಿದಳು.

ಡಿಗ್ರಿ ಓದುವಾಗ ಅವಳು ಅರಸೀಕೆರೆಯ ಸೋದರತ್ತೆ ಉಷಾರಾಣಿಯ ಮನೆಯಲ್ಲಿದ್ದಳು. ಸ್ಟೇಷನ್ ರಸ್ತೆಯಲ್ಲಿ ಧರ್ಮೇಶನ ಅಪ್ಪನ ವಾಚ್ ಅಂಗಡಿ. ತಿಂಗಳಿಗೆರಡು ಸಲ ದರ್ಶಿನಿಯ ವಾಚ್ ನಿಂತುಹೋಗುತ್ತಿತ್ತು. ಪಕ್ಕದ ಕೀಲಿಯನ್ನು ಉಗುರಿನಿಂದ ಹೊರಗೆಳೆದರೆ ಯಾವ ವಾಚಾದರೂ ನಿಲ್ಲುತ್ತದೆ, ಒತ್ತಿದರೆ ಓಡುತ್ತದೆ. ಇದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಆದರೂ ಅವನು ಗಂಭೀರವಾಗಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಒಳಗಡೆ ಸ್ವಲ್ಪ ತೊಂದರೆ ಇದೆ, ಎರಡು ದಿನ ಬೇಕು ಎನ್ನುತ್ತಿದ್ದ. ಎರಡು ದಿನ ಅವಳು ಬರಿಗೈಯಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಅಷ್ಟು ಚೆಂದದ ದಿನಗಳು ಆಮೇಲೆ ಅವಳ ಪಾಲಿಗೆ ಬರಲಿಲ್ಲ.

ಅಪ್ಪ ಜಿನಚಂದ್ರ ತೀರಿಕೊಂಡ ವರ್ಷ ಗಿರಣಿ ನೋಡಿಕೊಳ್ಳಲು ಅವಳು ಊರಿಗೆ ಮರಳಬೇಕಾಯಿತು. ಅದನ್ನು ಹೇಳಲು ಅಂಗಡಿಗೆ ಹೋದಾಗ ಧರ್ಮೇಶ್ ತಲೆಯೆತ್ತಲೇ ಇಲ್ಲ. ಮಸೂರ ಕಣ್ಣಿನಲ್ಲೇ ಇತ್ತು, ಕೈಯಲ್ಲಿ ಯಾರದೋ ಗಡಿಯಾರ. ಹೋಗಿ ಬಾ ಎಂದೂ ಅನ್ನಲಿಲ್ಲ. ದರ್ಶಿನಿ ಕೌಂಟರಿನ ಮುಂದೆ ಐದು ನಿಮಿಷ ನಿಂತು, ಬಸ್ಸಿನ ನೆಪ ಹೇಳಿ ಹೊರಟುಬಂದಳು. ಆಮೇಲೆ ಬಂದ ಗಂಡುಗಳಲ್ಲೆಲ್ಲ ಅವಳಿಗೆ ಏನಾದರೊಂದು ಕೊರತೆ ಕಾಣುತ್ತಿತ್ತು. ಒಬ್ಬನಿಗೆ ತೀರಾ ಮಾತು ಹೆಚ್ಚಾಯಿತು ಎಂದು ಬೇಡವೆಂದಾಗ ತಾಯಿ ಕಾಂಚನಮಾಲಾ ಕೈಮುಗಿದು ಸುಮ್ಮನಾದರು.

ಈಗ ಅವಳಿಗೆ ಬೇಕಾಗಿದ್ದು ಹಿಟ್ಟಿನ ಡಬ್ಬಿಗಳಿಗೆ ಸ್ಟಿಕ್ಕರ್. ಜೈನರ ಮನೆಗಳಲ್ಲಿ ಬೀಸಿದ ಹಿಟ್ಟಿಗೊಂದು ಮರ್ಯಾದೆ ಇರುತ್ತದೆ, ಅಂದರೆ ಇಂತಿಷ್ಟೇ ದಿನ ಬಳಸಬಹುದೆಂಬ ಗಡುವು. ಚಳಿಗಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ಐದು, ಮಳೆಗಾಲದಲ್ಲಿ ಮೂರು. ದರ್ಶಿನಿ ಚೀಟಿ ಬರೆದು ಕಳಿಸುತ್ತಿದ್ದಳು. ಚೀಟಿ ಕಳೆಯುತ್ತಿತ್ತು, ಎಣ್ಣೆ ಕೈ ತಾಗಿ ಅಳಿಸುತ್ತಿತ್ತು. ಸ್ಟಿಕ್ಕರ್ ಆದರೆ ಹಿಟ್ಟು ತುಂಬಿದ ದಿನ ಇವಳು ಫೋನ್ ತಾಗಿಸಿ ತಾರೀಕು ಬರೆದರಾಯಿತು, ಮನೆಯವರು ತಮ್ಮ ಫೋನ್ ತಾಗಿಸಿದರೆ ಗಡುವು ಎಂದಿಗೆ ಎಂದು ಕಾಣುತ್ತದೆ.

ಮೊದಲ ಸಲ ಅವನು ಅಂಟಿಸಿದ್ದರಲ್ಲಿ ಒಂದೂ ಕೆಲಸ ಮಾಡಲಿಲ್ಲ. ಸ್ಟೀಲ್ ಡಬ್ಬಿಗೆ ಸಾಧಾರಣ ಸ್ಟಿಕ್ಕರ್ ಆಗುವುದಿಲ್ಲವಂತೆ, ಹಿಂದೆ ಕಪ್ಪು ಪದರವಿರುವ ಬೇರೆಯದೇ ತರಬೇಕಂತೆ. ಇದೇ ಕಸುಬಿನವನಿಗೆ ಅಷ್ಟು ಗೊತ್ತಿರಲಿಲ್ಲವೇ ಎಂದು ಅವಳಿಗೆ ಅನುಮಾನ ಬಂತು. ಅನುಮಾನ ಹಿತವಾಗಿಯೇ ಇತ್ತು. ಮರುವಾರ ಬಂದು ಡಬ್ಬಿಗಳಿಗೆ ಅಂಟಿಸಿದ. ಇನ್ನೊಂದು ವಾರ ಬಂದು ಗಿರಣಿಯ ಗೋಡೆಗೆ ಅಂಟಿಸಿದ. ಫೋನ್ ತಾಗಿಸಿದರೆ ನಿಮ್ಮ ಹಿಟ್ಟು ಸಿದ್ಧ ಎಂದು ಗಿರಾಕಿಗೆ ಸಂದೇಶ ಹೋಗುತ್ತಿತ್ತು. ಮಂಡಿನೋವಿನ ಕಾಂಚನಮಾಲಾಗಾಗಿ ತೂಗುಮಂಚದ ಕೈಗೊಂದು, ತಾಗಿಸಿದರೆ ಮಗಳಿಗೆ ನೇರ ಕರೆ. ಕಾಂಚನಮಾಲಾ ಅದನ್ನು ದಿನಕ್ಕೆ ಹದಿನೈದು ಸಲ ಪರೀಕ್ಷಿಸಿದರು.

ಜನವರಿ ಮುಗಿಯುವ ಹೊತ್ತಿಗೆ ಅಂಟಿಸಲು ಊರಲ್ಲಿ ಜಾಗವೇ ಉಳಿಯಲಿಲ್ಲ.

“ಈಗ ಏಳು ದಿನಕ್ಕೆ ಹಾಕಿದ್ದೀನಿ,” ಎಂದ ಧರ್ಮೇಶ್, ಬ್ಯಾಗಿನ ಜಿಪ್ಪನ್ನು ಬೇಕೆಂದೇ ನಿಧಾನವಾಗಿ ಎಳೆಯುತ್ತ. “ಫಾಲ್ಗುಣ ಹುಣ್ಣಿಮೆಗೆ ಬೇಸಿಗೆ ಲೆಕ್ಕ ಶುರು, ಐದಕ್ಕೆ ಬದಲಾಯಿಸ್ಬೇಕು. ಒಂದೇ ಬಟನ್ನು. ತೋರಿಸ್ಲಾ?”

“ನನ್ನ ತಲೆಗೆ ಇದೆಲ್ಲ ಹತ್ತಲ್ಲ. ನೀನೇ ಬಂದು ಬದಲಾಯಿಸು.”

“ಬರ್ತೀನಿ,” ಎಂದ. ಅವಳತ್ತ ನೋಡಿದ, ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡು ಬೈಕ್ ಹತ್ತಿದ. ಆ ಬಾಯಿ ಹುಣ್ಣಿಮೆಯ ದಿನವಾದರೂ ತೆರೆದೀತು ಎಂದು ದರ್ಶಿನಿ ಒಂದೂವರೆ ತಿಂಗಳು ಕಾದಳು. ತೆರೆಯದಿದ್ದರೆ ಇನ್ನು ಅವನನ್ನು ಕರೆಯುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಮೂವತ್ಮೂರು ವರ್ಷಕ್ಕೆ ಅಷ್ಟು ಸ್ವಾಭಿಮಾನವಾದರೂ ಬೇಡವೇ?

ಮಂಗಳವಾರ ಹುಣ್ಣಿಮೆ. ಅವನು ಬರಲಿಲ್ಲ. ಬುಧವಾರವೂ ಇಲ್ಲ. ಗುರುವಾರ ಮೂರೂವರೆಗೆ ಬೈಕಿನ ಸದ್ದಾಯಿತು.

ನೀನು ಕರೆಯುತ್ತೀ ಎಂದು ಕಾದೆ ಎಂದ. ನೀನಾಗಿ ಬರುತ್ತೀ ಎಂದು ನಾನು ಕಾದೆ ಎಂದಳು. ಇಬ್ಬರೂ ಮುಖ ಊದಿಸಿಕೊಂಡು ನಿಂತಾಗ ದರ್ಶಿನಿಗೆ ಹೊರಗೆ ಹೋದ ಡಬ್ಬಿಗಳು ಥಟ್ಟನೆ ನೆನಪಾದವು. ಗಿರಣಿಯಲ್ಲೇ ಇದ್ದ ಡಬ್ಬಿಗಳನ್ನೇನೋ ಕೈಲೆಕ್ಕದಲ್ಲಿ ನೋಡಿಕೊಂಡಿದ್ದಳು. ಶನಿವಾರ ಬೀಸಿ ಹೊರಗೆ ಕಳಿಸಿದ ಮೂರು ಡಬ್ಬಿಗಳ ನೆನಪು ಸಿಟ್ಟಿನಲ್ಲಿ ಹಾರಿಹೋಗಿತ್ತು. ಹುಣ್ಣಿಮೆ ದಾಟಿದ್ದರಿಂದ ಆ ಹಿಟ್ಟಿನ ಗಡುವು ಬುಧವಾರಕ್ಕೇ ಮುಗಿದಿತ್ತು. ಸ್ಟಿಕ್ಕರ್ ಮಾತ್ರ ಶುಕ್ರವಾರ ಎನ್ನುತ್ತಿತ್ತು.

ಪಕ್ಕದ ಬೀದಿಯ ಮನೆಯವರು ಇನ್ನೂ ಡಬ್ಬಿ ತೆಗೆದಿರಲಿಲ್ಲ. ಬೇಲೂರಿನವರ ಹಿಟ್ಟು ಮಂಗಳವಾರವೇ ಖಾಲಿಯಾಗಿತ್ತು. ಉಳಿದದ್ದು ಉಷಾರಾಣಿ ಅತ್ತೆ. ಡಬ್ಬಿಗೆ ತಾಗಿಸುವಾಗ ಬಿಟ್ಟರೆ ಅವರ ಫೋನ್ ಬೀರುವಿನಿಂದ ಹೊರಗೆ ಬರುವುದಿಲ್ಲ. ವ್ರತದ ಹೆಂಗಸು, ಹಗಲು ಅನ್ನ, ಸಂಜೆ ಹೊತ್ತು ಮುಳುಗುವ ಮುಂಚೆ ಎರಡು ಚಪಾತಿ. ಅವರು ಒಪ್ಪಿದ ಹಿಟ್ಟೆಂದು ಅರಸೀಕೆರೆಯ ಹತ್ತು ಮನೆಗಳು ಕಣ್ಣುಮುಚ್ಚಿ ಕೊಳ್ಳುತ್ತಿದ್ದವು. ಅವರ ವ್ರತ ತನ್ನ ಕೈಯಿಂದ ಕೆಟ್ಟರೆ ಆ ಮನೆಗೆ ಯಾವ ಮುಖ ಹೊತ್ತು ಹೋಗುವುದು?

ದರ್ಶಿನಿ ಗಿರಣಿ ಹಾಕಿದಳು. ಧರ್ಮೇಶ್ ಡಬ್ಬಿ ಹಿಡಿದ. ಬಿಸಿ ಹಿಟ್ಟು ಅವನ ಅಂಗಿ, ಮೀಸೆಯ ಮೇಲೆಲ್ಲ ಹಾರಿತು. ನಾಲ್ಕೂಕಾಲಿಗೆ ಬೈಕ್ ಹೊರಟಿತು. ಇಬ್ಬರ ನಡುವೆ ಬೆಚ್ಚಗಿನ ಡಬ್ಬಿ, ಅದನ್ನು ಅವುಚಿಕೊಂಡು ಅವಳು. ಬೈಕ್ ಜಾವಗಲ್ ದಾಟಿತು. ಆಮೇಲೆ ಅವನು ತಲೆ ತಿರುಗಿಸದೆ, ಆವತ್ತು ಅಂಗಡಿಯಲ್ಲಿ ತಾನು ಯಾಕೆ ಮಸೂರ ತೆಗೆಯಲಿಲ್ಲ ಗೊತ್ತಾ ಎಂದು ಕೇಳಿದ.

“ಕಣ್ಣು ತುಂಬಿತ್ತು ಕಣೇ. ತೆಗೆದಿದ್ರೆ ನೀನು ನೋಡ್ಬಿಡ್ತಿದ್ದೆ.”

ಹನ್ನೆರಡು ವರ್ಷ ತಾನು ಬೈದುಕೊಂಡಿದ್ದು ಅಳುತ್ತಿದ್ದ ಹುಡುಗನನ್ನು ಎಂದು ತಿಳಿದು ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ದಾರಿಯುದ್ದಕ್ಕೂ ತೆಂಗಿನ ತೋಟಗಳ ನೆರಳು ಉದ್ದವಾಗುತ್ತಿತ್ತು.

ಅವರು ಒಳಗೆ ನುಗ್ಗಿದಾಗ ಉಷಾರಾಣಿ ಮಣೆಯ ಮೇಲೆ ಮೊದಲ ಉಂಡೆ ಇಟ್ಟು ಲಟ್ಟಣಿಗೆ ಎತ್ತಿದ್ದರು. ದರ್ಶಿನಿ ಹೊಸ ಡಬ್ಬಿಯನ್ನು ಕೆಳಗಿಟ್ಟು, ಅತ್ತೆ, ಆ ಹಿಟ್ಟು ಬೇಡ ಎಂದು ವಿಷಯ ಹೇಳಿದಳು. ಉಷಾರಾಣಿ ಲಟ್ಟಣಿಗೆ ಕೆಳಗಿಟ್ಟು ಹಿಟ್ಟಿನ ಉಂಡೆಯನ್ನು ನೋಡಿದರು, ಸೊಸೆಯನ್ನು ನೋಡಿದರು.

“ನಿಮ್ಮಪ್ಪ ಇದ್ದಾಗ ಒಂದು ದಿನ ತಪ್ಪಿರ್ಲಿಲ್ಲ,” ಎಂದರು.

ತಪ್ಪು ತನ್ನದು ಎಂದು ಧರ್ಮೇಶ್ ಮುಂದೆ ಬಂದ. ಚಳಿಗಾಲದ ಲೆಕ್ಕವೇ ಉಳಿದುಹೋಗಿತ್ತು, ಹುಣ್ಣಿಮೆಗೆ ಬಂದು ಬದಲಾಯಿಸಬೇಕಿತ್ತು ಎಂದ. ಉಷಾರಾಣಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

“ಏನಪ್ಪಾ, ಬೀಸಿದ ದಿನ ಹೇಳೋ ಫೋನಿಗೆ ಹುಣ್ಣಿಮೆ ಗೊತ್ತಾಗಲ್ವಾ? ಒಂದ್ಸಲ ಪಂಚಾಂಗ ಹಾಕಿಟ್ರೆ ಆಗ್ತಿರ್ಲಿಲ್ವಾ?”

“ಆಗ್ತಿತ್ತು.”

“ಮತ್ಯಾಕೆ ಹಾಕ್ಲಿಲ್ಲ?”

ಧರ್ಮೇಶ್ ನೆಲ ನೋಡಿದ. ಈ ಸಲವೂ ಸುಮ್ಮನಾದರೆ ಮುಗಿಯಿತು ಎಂದು ದರ್ಶಿನಿಗೆ ಎನಿಸಿತು.

“ಹಾಕಿದ್ರೆ ನಾನು ಹಳೇಬೀಡಿಗೆ ಹೋಗೋಕೆ ನೆಪ ಉಳೀತಿರ್ಲಿಲ್ಲ ಅತ್ತೆ,” ಎಂದ ಅವನು. “ವರ್ಷಕ್ಕೆ ಮೂರು ಸಲ ಆದ್ರೂ ಇವಳನ್ನ ನೋಡ್ಬಹುದು ಅಂತ ಬಿಟ್ಟಿದ್ದೆ. ನನಗೆ ಇವಳೇ ಬೇಕು. ಮೊದಲಿಂದ್ಲೂ.”

ಒಲೆಯ ಮೇಲೆ ಕಾವಲಿ ಹೊಗೆಯಾಡುತ್ತಿತ್ತು. ಉಷಾರಾಣಿ ಅದನ್ನು ಇಳಿಸಿ, ನೀನಾದರೂ ಆ ಬಟನ್ ಕಲಿಯಬಾರದಿತ್ತೇನೇ ಎಂದು ಸೊಸೆಯ ಕಡೆ ತಿರುಗಿದರು.

“ಕಲ್ತಿದ್ದೆ ಅತ್ತೆ,” ಎಂದಳು ದರ್ಶಿನಿ. “ಜನವರೀಲೇ, ಇವನು ಹೋದ ಮಾರನೇ ದಿನ.”

ಧರ್ಮೇಶ್ ತಲೆಯೆತ್ತಿದ. ಅವನ ಮುಖದಲ್ಲಿ ಮೊದಲು ಗೊಂದಲ ಕಂಡಿತು, ಆಮೇಲೆ ನಗು. ಈ ಸಲ ಎರಡು ಕಣ್ಣೂ ತುಂಬಿದ್ದವು, ಮುಚ್ಚಿಕೊಳ್ಳಲು ಅವನ ಹತ್ತಿರ ಏನೂ ಇರಲಿಲ್ಲ. ದರ್ಶಿನಿ ಸೆರಗಿನ ತುದಿಯಿಂದ ಅವನ ಮೀಸೆಯ ಹಿಟ್ಟು ಒರೆಸಿದಳು, ಅತ್ತೆಯ ಎದುರಿಗೇ.

ನಿಮ್ಮಿಬ್ಬರ ಆಟಕ್ಕೆ ನನ್ನ ವ್ರತ ಸಿಕ್ಕಿತಾ ಎಂದು ಉಷಾರಾಣಿ ಗೊಣಗಿದರು. ಕಲಸಿದ ಹಿಟ್ಟನ್ನು ಹಸುವಿಗೆ ತೆಗೆದಿಟ್ಟು, ತಟ್ಟೆ ತೊಳೆದು ದರ್ಶಿನಿಯ ಕೈಗೆ ಕೊಟ್ಟರು.

“ಬೇಗ ಕಲಸು. ಹೊತ್ತು ಮುಳುಗೋಕೆ ಇನ್ನು ಮುಕ್ಕಾಲು ಗಂಟೆ ಐತೆ. ಮೂರು ಜನಕ್ಕೆ ಆಗ್ಲಿ.”

ಅವಳು ಕಲಸಿದಳು. ಧರ್ಮೇಶ್ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೀರು ಹೊಯ್ದ, ಸ್ವಲ್ಪ ಹೆಚ್ಚೇ ಹೊಯ್ದ. ನಿಮ್ಮಮ್ಮನ ಹತ್ತಿರ ಯಾವಾಗ ಬರಲಿ ಎಂದು ಪಿಸುದನಿಯಲ್ಲಿ ಕೇಳಿದ. ಅಂಟಂಟಾದ ಹಿಟ್ಟನ್ನು ಬೆರಳಿನಿಂದ ಬಿಡಿಸಿಕೊಳ್ಳುತ್ತ ಅವಳು ಅವನನ್ನು ನೇರವಾಗಿ ನೋಡಿದಳು.

“ನಾಳೇನೇ ಬಾ,” ಎಂದಳು. “ನೆಪ ಇಲ್ದೆ ಬಾ.”