ಹೊಟ್ಟೆ ತುಂಬದ ಕೌದಿ

ಬಹಳ ಹಿಂದೆ, ಸೂರ್ಯನೂ ಆಕಳಿಸುತ್ತ ಏಳುತ್ತಿದ್ದ ಕಾಲದಲ್ಲಿ, ಚಂದನಗಿರಿ ಎಂಬೊಂದು ರಾಜ್ಯವಿತ್ತು. ಅಲ್ಲಿ ರಾಜನಿಂದ ಹಿಡಿದು ದನ ಕಾಯುವವನವರೆಗೆ ಎಲ್ಲರೂ ಹೊದೆಯುತ್ತಿದ್ದದ್ದು ಕೌದಿ. ಹಳೆ ಸೀರೆ, ಹರಿದ ಧೋತರಗಳ ತುಂಡುಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ ಅದು. ಒಂದೊಂದು ಕೌದಿಯ ಒಳಗೂ ಒಂದೊಂದು ಕಿನ್ನರಲೋಕವಿತ್ತು. ಅಲ್ಲಿನ ಕಿನ್ನರಿಯರು ಬೀಸುಕಲ್ಲಿನಲ್ಲಿ ನಿದ್ದೆ ಬೀಸಿ ಮೇಲಕ್ಕೆ ಕಳಿಸುತ್ತಿದ್ದರು. ಇದು ಜನರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಪದ್ಧತಿ ಮಾತ್ರ: ಕೊನೆಯ ಹೊಲಿಗೆ ಹಾಕುವ ಮೊದಲು ನಡುವೆ ರೊಟ್ಟಿಯ ಚೂರು ಇಟ್ಟು ಕೌದಿಯ ಹೊಟ್ಟೆ ತುಂಬಿಸಬೇಕು.

ಹೊಳೆವ್ವ ಎಂಬ ಹುಡುಗಿಯ ತಾಯಿ ನೀಲವ್ವ ಊರವರಿಗೆಲ್ಲ ಕೌದಿ ಹೊಲಿದು ಕೊಡುತ್ತಿದ್ದಳು. ಕಡೆಗೊಮ್ಮೆ ತನಗೂ ಒಂದು ಹೊಲಿದುಕೊಂಡಳು. "ಕಡೀ ಹೊಲಿಗಿ ನೀ ಹಾಕವ್ವಾ, ನನ್ನ ಬೆನ್ನು ಏಳವಲ್ದು. ರೊಟ್ಟಿ ಇಡೂದು ಮರೀಬ್ಯಾಡ" ಎಂದು ಒಂದು ಚೂರು ಮಗಳ ಕೈಗಿಟ್ಟಳು.

ಹೊಳೆವ್ವ ಮರೆಯಲಿಲ್ಲ. ಆದರೆ ಬೆಳಗಿನಿಂದ ನೀರು ಹೊತ್ತು, ಬಟ್ಟೆ ಒಗೆದು ಸೋತು ಸುಣ್ಣವಾಗಿದ್ದಳು. ಚೂರನ್ನು ತಾನೇ ತಿಂದು, ಬಾಯಿ ಒರೆಸಿಕೊಂಡು ಹೊಲಿಗೆ ಹಾಕಿದಳು. ಅಷ್ಟಕ್ಕೆ ಅವಳ ಹೊಟ್ಟೆಯೂ ತುಂಬಲಿಲ್ಲ, ಪಾಪ.

ಆವತ್ತಿನಿಂದ ನೀಲವ್ವನಿಗೆ ನಿದ್ದೆ ಹತ್ತಲಿಲ್ಲ. ಕಣ್ಣು ಗುಳಿಬಿದ್ದವು, ಸೂಜಿಗೆ ದಾರ ಪೋಣಿಸಲೂ ಆಗದಾಯಿತು. "ಹುಣ್ಣಿಮೆಯೊಳಗೆ ನಿದ್ದೆ ಬಾರದಿದ್ದರೆ ಜೀವ ಉಳಿಯುವುದಿಲ್ಲ" ಎಂದು ವೈದ್ಯರು ಕೈಚೆಲ್ಲಿದರು. ಮನೆಯ ಕೆಲಸವೆಲ್ಲ ಹೊಳೆವ್ವನ ತಲೆಯ ಮೇಲೆ ಬಿತ್ತು.

ಒಂದು ಮಧ್ಯಾಹ್ನ ಅವಳು ತನ್ನ ಪಾಲಿನ ರೊಟ್ಟಿ ಹಿಡಿದುಕೊಂಡೇ ಕೌದಿಯ ಮೇಲೆ ಕುಸಿದಳು. ಒಳಗಿನಿಂದ ಯಾರೋ ಬಿಕ್ಕುವ ಸದ್ದು ಕೇಳಿತು. ಕೌದಿ ಎತ್ತಿ ತಲೆ ತೂರಿಸಿದಳು. ಮೊಣಕಾಲೂರಿ ಮುಂದೆ ಹೋದಳು, ಇನ್ನೂ ಮುಂದೆ ಹೋದಳು. ಕೌದಿ ಮುಗಿಯಲೇ ಇಲ್ಲ.

ಒಳಗೆ ಹೊಲಗಳಿದ್ದವು. ಅಜ್ಜಿಯ ಸೀರೆಯದು ಹಸಿರು ಹೊಲ, ತೀರಿಹೋದ ಅಪ್ಪನ ರುಮಾಲಿನದು ಕೆಂಪು ಹೊಲ. ಹೊಲಿಗೆಯ ಸಾಲುಗಳೇ ಬದುಗಳು. ಒಂದು ಬದುವಿನ ಮೇಲೆ ಕಿನ್ನರಿಯೊಬ್ಬಳು ರೆಕ್ಕೆ ಜೋಲುಬಿಟ್ಟು ಅಳುತ್ತ ಕೂತಿದ್ದಳು.

"ನಮ್ಮ ಲೋಕದ ಹೊಟ್ಟಿ ಖಾಲಿ ಐತಿ. ಆ ಖಾಲಿ ಜಾಗದಾಗ ಮಾಂತ್ರಿಕ ಬಂದು ಕುಂತಾನ. ನಾವು ಬೀಸಿದ ನಿದ್ದಿನೆಲ್ಲಾ ಅವನೇ ನುಂಗತಾನ. ಬೀಸಿ ಬೀಸಿ ನಮ್ಮ ರಟ್ಟಿ ಬಿದ್ದುಹೋದುವು" ಎಂದಳು ಕಿನ್ನರಿ.

ತಪ್ಪು ಯಾರದೆಂದು ಹೊಳೆವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು.

ಹಸಿರು ಹೊಲದಲ್ಲಿ ಮಾಂತ್ರಿಕನ ಹುಲಿ ಅಡ್ಡ ನಿಂತಿತು. "ಜೀವ ಬೇಕಾದರ ಓಡು!"

"ಓಡಾಕ ಕಾಲಾಗ ಕಸುವಿಲ್ಲೋ ಹುಲಿಯಪ್ಪಾ. ತಿನ್ನೂದಿದ್ರ ತಿನ್ನು, ಇಲ್ಲಾಂದ್ರ ಅತ್ತಾಗ ಸರಿ."

ಹುಲಿಗೂ ನಿದ್ದೆ ಇರಲಿಲ್ಲ. ಹೆಸರಿಗೊಮ್ಮೆ ಗುರ್ ಎಂದು ಸರಿದು ನಿಂತಿತು.

ಕೆಂಪು ಹೊಲದಲ್ಲಿ ಮಾಂತ್ರಿಕನ ಗಿಳಿ ಒಗಟು ಹೇಳತೊಡಗಿತು. ಅರ್ಧಕ್ಕೇ ಅದರ ಕಣ್ಣು ಮಂಜಾಯಿತು. "ಎಲ್ಲೀತನಕ ಹೇಳಿದ್ನವ್ವಾ?"

"ನನಗೂ ನೆನಪಿಲ್ಲ."

"ಹಂಗಾರ ಹೋಗು" ಎಂದಿತು ಗಿಳಿ.

ಕೌದಿಯ ನಟ್ಟನಡುವೆ ಒಂದು ಕುಳಿ. ಅದರಲ್ಲಿ ಮಾಂತ್ರಿಕ ಗುಡ್ಡದಂತೆ ಕೂತಿದ್ದ. ಅವನು ಗದರಲಿಲ್ಲ, ಬೆಣ್ಣೆಯಂಥ ದನಿಯಲ್ಲಿ ಮಾತಾಡಿದ. "ದಣದೀಯಲ್ಲಾ ಮಗಳ. ಆ ರೊಟ್ಟಿ ತಿನ್ನು. ನಿನ್ನ ಪಾಲಿನ ನಿದ್ದಿ ಕೊಡತೀನಿ, ಮಲಕೋ."

ಮೆತ್ತನೆಯ ಹಾಸಿಗೆಯೊಂದು ಅವಳ ಮುಂದೆ ಬಿಚ್ಚಿಕೊಂಡಿತು. ಹೊಳೆವ್ವ ಕೂತಳು. ಕೂತವಳು ಒರಗಿದಳು. ರೊಟ್ಟಿ ಬಾಯಿಯ ಹತ್ತಿರ ಬಂತು. ಸುಳ್ಳೇಕೆ, ಅವಳಿಗೆ ಅದು ಬೇಕೇ ಬೇಕಾಗಿತ್ತು. ಆಗ ಕೆನ್ನೆಗೆ ತಾಗಿದ್ದು ಅವ್ವನ ಹಳೆ ನೀಲಿ ಸೀರೆಯ ತುಂಡು. ಅದರಲ್ಲಿ ಇನ್ನೂ ಒಲೆಯ ಹೊಗೆಯ ವಾಸನೆ ಇತ್ತು.

ಅವಳು ಅಳುತ್ತಲೇ ಎದ್ದಳು. "ಇದು ನಂದಲ್ಲ. ಕೌದೀದು. ಒಮ್ಮೆ ತಿಂದೀನಿ, ಸಾಕು" ಎಂದು ರೊಟ್ಟಿಯನ್ನು ಕುಳಿಯೊಳಗೆ ಇಟ್ಟಳು.

ರೊಟ್ಟಿ ಹರಡಿತು, ಉಬ್ಬಿತು, ಕುಳಿಯನ್ನೆಲ್ಲ ತುಂಬಿತು. ಮಾಂತ್ರಿಕನಿಗೆ ಕೂರಲು ಜಾಗವೇ ಉಳಿಯಲಿಲ್ಲ. ಅವನು ಕುಗ್ಗಿ ಕುಗ್ಗಿ ಹತ್ತಿಯ ಎಳೆಯಷ್ಟಾಗಿ, ಸೂಜಿಯ ತೂತಿನಿಂದ ಹೊರಗೆ ಹಾರಿಹೋದ. ನುಂಗಿದ್ದ ನಿದ್ದೆಯೆಲ್ಲ ಹೊಲಗಳ ಮೇಲೆ ಸುರಿಯಿತು. ಹುಲಿ ಅಲ್ಲೇ ಅಡ್ಡಾಯಿತು, ಗಿಳಿ ರೆಕ್ಕೆಯಲ್ಲಿ ಮುಖ ಹುದುಗಿಸಿತು, ಕಿನ್ನರಿಯರು ಬೀಸುಕಲ್ಲಿಗೆ ತಲೆ ಕೊಟ್ಟು ಮಲಗಿದರು.

ಹೊಳೆವ್ವ ಹೊರಗೆ ಬಂದಾಗ ನೀಲವ್ವ ಗೊರಕೆ ಹೊಡೆಯುತ್ತಿದ್ದಳು. ಎಚ್ಚರವಾದದ್ದು ಮರುದಿನ ಸಂಜೆಗೆ. ಕೌದಿಯ ನಡುವೆ ಗಟ್ಟಿಯಾದದ್ದೇನೋ ಅವಳ ಕೈಗೆ ತಾಗಿತು.

"ಇಷ್ಟು ದಿನ ಇದು ಇಲ್ಲಿ ಇರಲಿಲ್ಲಲ್ಲಾ?"

"ಮೊದಲಿನ ಚೂರು ನಾ ತಿಂದಿದ್ನಿ ಯವ್ವಾ. ಭಾಳ ಹಸಿವಾಗಿತ್ತು."

ನೀಲವ್ವ ಬೈಯಲಿಲ್ಲ. ಮಗಳ ತಲೆ ಸವರಿದಳು. "ಹೊಲಿಯಾಕಿನ ಉಪವಾಸ ಇಟ್ಟು ಕೌದಿ ಹೊಟ್ಟಿ ತುಂಬಸಂದ್ನಲ್ಲಾ, ತಪ್ಪು ನಂದವ್ವಾ" ಎಂದು ಎದ್ದು ಒಲೆ ಹಚ್ಚಿದಳು.

ಅಂದಿನಿಂದ ಚಂದನಗಿರಿಯಲ್ಲಿ ಮೊದಲ ರೊಟ್ಟಿ ಹೊಲಿಯುವವಳಿಗೆ, ಆಮೇಲಿನ ಚೂರು ಕೌದಿಗೆ. ರಾಜ್ಯದಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡಿದರು. ಹೊಳೆವ್ವ ಮಾತ್ರ ಆ ಸಂಜೆ, ಎರಡನೆಯ ರೊಟ್ಟಿ ಕೈಯಲ್ಲಿರುವಾಗಲೇ, ಅವ್ವನ ತೊಡೆಯ ಮೇಲೆ ನಿದ್ದೆ ಹೋದಳು.